ಟ್ಯಾಂಕಿನ ಬಣ್ಣ ಮತ್ತು ಬೆಟ್ಟದ ಗಾಳಿ

ಬೈಕಿನ ಬಣ್ಣ ಒಂದು ಕಡೆ ಚಕ್ಕೆ ಎದ್ದರೆ ಇಡೀ ಟ್ಯಾಂಕನ್ನೇ ಉಜ್ಜಿ ಹೊಸದಾಗಿ ಸ್ಪ್ರೇ ಹೊಡೆಸಬೇಕೆನ್ನುವ ಪಂಥಕ್ಕೂ ಎದ್ದಷ್ಟೇ ಜಾಗಕ್ಕೆ ಟಚಪ್ ಮಾಡಿದರೆ ಸಾಕೆನ್ನುವ ಪಂಥಕ್ಕೂ ನಡೆದುಬಂದಿರುವ ಜಗಳದಲ್ಲಿ ಈ ಅಂಕಣ ಎಂದಿನಂತೆ ಎರಡನೆಯದರ ಪಕ್ಷ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಉಳಿದಿರುವ ಜಾವಾ, ಯೆಜ್ಡಿಗಳ ಮೂಲ ಬಣ್ಣ ಒಮ್ಮೆ ಉಜ್ಜಿಹೋದರೆ ಮರಳಿ ಬರುವಂಥದ್ದಲ್ಲ.

ಟಚಪ್ ಕೆಡುವುದು ಬಣ್ಣ ಹೊಂದದೆ ಎಂಬುದು ಸ್ಪ್ರೇ ಪಂಥದ ವಾದ. ನೀಲಗಿರಿಯಲ್ಲಿ ಅದು ಹೆಚ್ಚಾಗಿ ಕೆಡುವುದು ಗಾಳಿಯಿಂದ. ಪೇಂಟರುಗಳು ಎನ್‌ಸಿ ಎನ್ನುವ ನೈಟ್ರೊಸೆಲ್ಯುಲೋಸ್ ಬಣ್ಣದಲ್ಲಿ ಥಿನ್ನರ್ ಬೇಗ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಒಣಗುತ್ತಿರುವ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದ ಮಂಜಿನಲ್ಲಿ, ಜುಲೈ ತಿಂಗಳ ಗೂಡಲೂರಿನ ಮಳೆಯಲ್ಲಿ ಇದು ತಪ್ಪಿದ್ದಲ್ಲ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬೆರೆಸಿದರೆ ತಕ್ಕಮಟ್ಟಿಗೆ ತಡೆಯಬಹುದು. ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳಾಚೆ, ಮಳೆನೆರಳಿನಲ್ಲಿರುವ ಮಸಿನಗುಡಿಯ ಒಣ ಮಧ್ಯಾಹ್ನದಲ್ಲಾದರೆ ಅದೇ ಡಬ್ಬಿ, ಅದೇ ಬ್ರಷ್ಷು ಯಾವ ತಕರಾರೂ ಮಾಡುವುದಿಲ್ಲ.

ಥಿನ್ನರ್ ಹೋದಂತೆ ಪದರ ಕುಗ್ಗುವುದರಿಂದ ಬಣ್ಣವನ್ನು ಸಣ್ಣ ಬ್ರಷ್ಷಿನ ತುದಿಯಿಂದ ಹಲವು ಸಲ ತುಂಬಿ, ಸುತ್ತಲಿನ ಮೈಗಿಂತ ತುಸು ಉಬ್ಬಿಸಿ, ಪೂರ್ತಿ ಗಟ್ಟಿಯಾದ ಮೇಲೆ ಮಟ್ಟ ಮಾಡಬೇಕೆಂಬುದು ಈ ಅಂಕಣದ ಓದುಗರಿಗೆ ಗೊತ್ತಿರುವ ಕ್ರಮ. ನೀರು ಹಾಕಿ ಉಜ್ಜುವ ವಾಟರ್ ಪೇಪರನ್ನು, 1500ರದ್ದಾಗಲಿ 2000ದ್ದಾಗಲಿ, ಚಪ್ಪಟೆ ರಬ್ಬರ್ ತುಂಡಿಗೆ ಸುತ್ತಿ, ಸೋಪಿನ ನೀರಿನಲ್ಲಿ ನೆನೆಸಿ, ಉಬ್ಬನ್ನಷ್ಟೇ ಸವೆಸಬೇಕು. ಬೆರಳಿನಿಂದ ಒತ್ತಿದರೆ ಒತ್ತಿದಲ್ಲೇ ಹಳ್ಳ ಬೀಳುತ್ತದೆ, ಈಗಿನ ಬೈಕುಗಳ ತೆಳ್ಳನೆಯ ಕ್ಲಿಯರ್ ಕೋಟ್, ಅಂದರೆ ಮೇಲಿನ ಬಣ್ಣರಹಿತ ಪದರ, ಹರಿದೇ ಹೋಗುತ್ತದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇರುವುದು ಪ್ರೈಮರಿಗೂ ಮೊದಲು. ಚಕ್ಕೆ ಎದ್ದ ಕಬ್ಬಿಣ ಈ ತೇವದಲ್ಲಿ ಬಹುಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಬಣ್ಣದ ಅಂಚಿನಡಿ ನುಸುಳುತ್ತದೆ. ಅದನ್ನು ತಡೆಯುವ ರಸ್ಟ್ ಕನ್ವರ್ಟರ್‌ಗಳಲ್ಲಿ ಹಲವು ಟ್ಯಾನಿನ್ ಎಂಬ ಒಗರು ಪದಾರ್ಥದಿಂದ ಕೆಲಸ ಮಾಡುತ್ತವೆ: ಟ್ಯಾನಿನ್ ತುಕ್ಕಿನೊಡನೆ ಕೂಡಿ ಐರನ್ ಟ್ಯಾನೇಟ್ ಎಂಬ ಕಡುನೀಲಿ ಕಪ್ಪು ಪದರವಾಗುತ್ತದೆ. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಮಸಿ ಕಪ್ಪಾಗುತ್ತಿದ್ದುದೂ ಇದೇ ಬಗೆಯ ಕ್ರಿಯೆಯಿಂದ. 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಬಂದು ಇಂದು ನೀಲಗಿರಿಯ ಹುಲ್ಲುಗಾವಲು ಆಕ್ರಮಿಸಿರುವ ವ್ಯಾಟಲ್ ಮರವನ್ನು ಮುಂದೆ ತೋಪುಗಟ್ಟಲೆ ಬೆಳೆಸಿದ್ದರಲ್ಲಿ ಅದರ ತೊಗಟೆಯ ಟ್ಯಾನಿನ್ನಿಗೂ, ಅದನ್ನು ಬೇಡುತ್ತಿದ್ದ ಚರ್ಮ ಹದ ಮಾಡುವ ಉದ್ಯಮಕ್ಕೂ ಪಾಲಿದೆ.

ಆದ್ದರಿಂದ ಸಡಿಲ ತುಕ್ಕನ್ನು ಮಾತ್ರ ಕೆರೆದು ಕನ್ವರ್ಟರ್ ಹಚ್ಚಬೇಕು. ಹೊಳೆಯುವ ಬರಿ ಲೋಹದ ಮೇಲೆ ಅದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಕಪ್ಪಾದ ಜಾಗವನ್ನು ಕಂಡು ತುಕ್ಕು ಉಳಿದಿದೆಯೆಂದು ಮತ್ತೆ ಎಮರಿ ಹಿಡಿಯುವವರು ಆಗಷ್ಟೇ ಕಟ್ಟಿದ ಕವಚವನ್ನೇ ಕಿತ್ತುಹಾಕಿ, ಮರುವರ್ಷ ಸ್ಪ್ರೇ ಪಂಥದವರ ಅಂಗಡಿಗೆ ಗಿರಾಕಿಗಳಾಗುತ್ತಾರೆ.