ಒಳಕಿಟಕಿಗೆ ಇಳಕಲ್ ಸೆರಗು

ಬೆಂಗಳೂರಿನ ಕೆಲವು ಹಳೆಯ ಬಾಡಿಗೆ ಮನೆಗಳಲ್ಲಿ ಹಾಲ್‌ಗೂ ಕೋಣೆಗೂ ನಡುವೆ ಕಿಟಕಿಯೊಂದು ಉಳಿದಿರುತ್ತದೆ. ಮೊದಲು ಹೊರಗೋಡೆಯಲ್ಲಿದ್ದದ್ದು, ಮಾಲೀಕರು ಹಿಂದಕ್ಕೆ ಕೋಣೆ ಕಟ್ಟಿಸಿದಾಗ ಒಳಗೆ ಸೇರಿಕೊಂಡದ್ದು. ಪದರ ಪದರ ಬಣ್ಣ ಮೆತ್ತಿದ ಸರಳು, ಸರಿಯಾಗಿ ಮುಚ್ಚದ ಬಾಗಿಲು. ಅದನ್ನು ಮರೆಮಾಡಲು ಹಳೆಯ ಇಳಕಲ್ ಹತ್ತಿ ಸೀರೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಪ್ಲೈವುಡ್ ಹೊಡೆದರೆ ಗಾಳಿ ನಿಲ್ಲುತ್ತದೆ. ಗಾಜಿಗೆ ಸ್ಟಿಕ್ಕರ್ ಅಂಟಿಸಿದರೆ ಕಿತ್ತಾಗ ಅಂಟು ಉಳಿದು, ಅಡ್ವಾನ್ಸ್ ಹಣಕ್ಕೆ ಕತ್ತರಿ ಬೀಳಬಹುದು. ತೊಳೆದು ತೊಳೆದು ಮೆತ್ತಗಾದ ಹತ್ತಿಯಾದರೋ ಸರಳನ್ನು ಮರೆಸಿ ಬೆಳಕನ್ನು ಒಳಗೆ ಬಿಡುತ್ತದೆ. ಸೆರಗು ಕೆಳಗೆ ಬರುವಂತೆ ತೂಗಿಬಿಟ್ಟರೆ ಇಳಕಲ್‌ನ ನಿಜವಾದ ಕಸುಬು ಕಣ್ಣೆದುರಿಗೇ ಬರುತ್ತದೆ: ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಬೆಸೆದ ಕೊಂಡಿಯ ಗೆರೆ, ಅದರ ಕೆಳಗೆ ಕೆಂಪು ಸೆರಗಿನ ಬಿಳಿ ತೆನೆಗಳು. ಉಟ್ಟಾಗ ನೆರಿಗೆಯಲ್ಲಿ ಅಡಗುವ ಈ ಕೆಲಸ ಇಲ್ಲಿ ಬಿಡಿಸಿಟ್ಟಂತಿರುತ್ತದೆ.

ಉಡುವ ಸೀರೆಯನ್ನು ಕತ್ತರಿಸುವುದೇ ಎಂದು ಕೇಳುವವರಿದ್ದಾರೆ. ಹೊಸದಾದರೆ ಅವರ ಮಾತು ಸರಿ. ಮಡಿಕೆಯಲ್ಲಿ ಹರಿದದ್ದು ಹೇಗೂ ಕೌದಿಗೆ ಹೋಗುವಂಥದ್ದು, ಅದರ ಗಟ್ಟಿ ಭಾಗವನ್ನು ಉಳಿಸಿಕೊಂಡರೆ ತಪ್ಪಲ್ಲ. ಮೊಳೆಯೂ ಬೇಡ, ಕಿಟಕಿ ಚೌಕಟ್ಟಿನೊಳಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಾಕು. ಹಳೆಯ ಇಳಕಲ್ ಇದ್ದರೆ, ಪಾತ್ರೆಯವರಿಗೆ ಕೊಡುವ ಮುನ್ನ ದಯವಿಟ್ಟು ಕಿಟಕಿಯ ಅಳತೆ ತೆಗೆದು ನೋಡಿ.