ಹಿಂಬರಹ ಯಾರಿಗಾಗಿ? ಆಡಳಿತ ಕನ್ನಡದ ಶೈಲಿಯ ವಿಮರ್ಶೆ

1963ರ ರಾಜಭಾಷಾ ಕಾಯ್ದೆಯು ಅಂದಿನ ಮೈಸೂರು ರಾಜ್ಯದಲ್ಲಿ ಕನ್ನಡಕ್ಕೆ ಆಡಳಿತ ಭಾಷೆಯ ಸ್ಥಾನ ಕೊಟ್ಟಂದಿನಿಂದ ನಡೆದಿರುವ ಚರ್ಚೆಯ ಬಹುಪಾಲು, ಕಡತದಲ್ಲಿ ಕನ್ನಡವಿದೆಯೇ ಇಲ್ಲವೇ ಎಂಬ ಪ್ರಶ್ನೆಯ ಸುತ್ತಲೇ ಸುತ್ತಿದೆ. ಆ ಪ್ರಶ್ನೆ ನ್ಯಾಯವಾದದ್ದೇ ಆದರೂ, ಕಡತಕ್ಕೆ ಬಂದ ಕನ್ನಡ ಎಂಥದು, ಅದನ್ನು ಯಾರನ್ನು ಎದುರಿಗಿಟ್ಟುಕೊಂಡು ಬರೆಯಲಾಗಿದೆ ಎಂಬ ವಿಚಾರಕ್ಕೆ ಸಿಕ್ಕಿರುವ ಗಮನ ಕಡಿಮೆ. ಕಚೇರಿ ಕನ್ನಡ ತಿಳಿಯುವುದಿಲ್ಲವೆಂಬ ದೂರು ಹಳೆಯದು. ದೂರುವವರು ಸಾಮಾನ್ಯವಾಗಿ ಅದರ ಔಪಚಾರಿಕತೆಯನ್ನೇ, ಎಂದರೆ ಆಡುಮಾತಿನಿಂದ ದೂರ ಸರಿದು ನಿಯಮಬದ್ಧ ರೂಪಗಳಲ್ಲಿ ನಡೆಯುವ ಬಿಗಿ ಧಾಟಿಯನ್ನೇ, ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ಈ ಆರೋಪ ಪೂರ್ತಿ ನಿಲ್ಲುವಂಥದ್ದಲ್ಲ, ಏಕೆಂದರೆ ಬಿಗಿ ಧಾಟಿ ಅನಿವಾರ್ಯವಾದ ಜಾಗಗಳು ಆಡಳಿತದಲ್ಲಿ ಸಾಕಷ್ಟಿವೆ; ಓದುವವರು ಬದಲಾದಾಗಲೂ ಬರೆಯುವವರು ಅದೇ ಧಾಟಿಯನ್ನು ಬಿಡದಿರುವುದೇ ಇಲ್ಲಿನ ನಿಜವಾದ ದೋಷ.

ಸರ್ಕಾರಿ ಆದೇಶವನ್ನೇ ತೆಗೆದುಕೊಳ್ಳಬಹುದು. ‘ಸರ್ಕಾರದ ನಡವಳಿಗಳು’ ಎಂಬ ತಲೆಬರಹ, ಅದರ ಕೆಳಗೆ ವಿಷಯ, ಆಧಾರವಾಗಿ ನೋಡಿದ ಪತ್ರಗಳ ಪಟ್ಟಿ, ಪ್ರಸ್ತಾವನೆ, ಆಮೇಲೆ ಆದೇಶ, ಕೊನೆಯಲ್ಲಿ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ ಎಂಬ ಒಕ್ಕಣೆ, ಹೀಗೆ ಅದರ ಅಂಗಾಂಗಗಳೆಲ್ಲ ಮೊದಲೇ ಗೊತ್ತಾಗಿರುತ್ತವೆ. ರಾಜ್ಯದ ಕಾರ್ಯಾಂಗದ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕೆಂದು ಸಂವಿಧಾನದ 166ನೇ ವಿಧಿಯೇ ಹೇಳುವುದರಿಂದ, ಸಹಿ ಹಾಕಿದ ಅಧಿಕಾರಿಯ ವ್ಯಕ್ತಿತ್ವ ಅಲ್ಲಿ ಇಣುಕಬಾರದು. ಕರ್ತೃವನ್ನು ಮರೆಸುವ ಕರ್ಮಣಿ ಪ್ರಯೋಗ, ಎಂದರೆ ‘ಆದೇಶಿಸಲಾಗಿದೆ’, ‘ಮಂಜೂರು ಮಾಡಲಾಗಿದೆ’ ಎಂಬ ಬಗೆಯ ಕ್ರಿಯಾರೂಪ, ಅಲ್ಲಿ ತಕ್ಕದ್ದೇ ಆಗಿದೆ. ನಿಯಮಗಳ ಪಠ್ಯದಲ್ಲಿ ಬರುವ ‘ಸಲ್ಲಿಸತಕ್ಕದ್ದು’ ಎಂಬ ರೂಪವೂ ಹಾಗೆಯೇ: ಅದು ಕಡ್ಡಾಯವನ್ನು ಸೂಚಿಸಿದರೆ ‘ಸಲ್ಲಿಸಬಹುದು’ ಎಂಬುದು ವಿವೇಚನೆಗೆ ಬಿಟ್ಟದ್ದನ್ನು ಸೂಚಿಸುತ್ತದೆ, ಈ ಅಂತರವನ್ನು ಸರಳತೆಯ ಹೆಸರಿನಲ್ಲಿ ಅಳಿಸಿದರೆ ನ್ಯಾಯಾಲಯದಲ್ಲಿ ತಕರಾರು ಖಂಡಿತ.

ಆಡಳಿತ ವ್ಯವಸ್ಥೆಗೆ ಧಾಟಿಯ ಏರಿಳಿತ ಗೊತ್ತಿಲ್ಲವೆಂದು ಹೇಳುವಂತೆಯೂ ಇಲ್ಲ. ಅರೆ ಸರ್ಕಾರಿ ಪತ್ರ ಎಂಬ ಪ್ರಕಾರವೇ ಇದಕ್ಕೆ ಸಾಕ್ಷಿ. ಒಬ್ಬ ಅಧಿಕಾರಿ ಮತ್ತೊಬ್ಬ ಅಧಿಕಾರಿಗೆ ಹೆಸರು ಹಿಡಿದು, ಆತ್ಮೀಯವಾಗಿ ಸಂಬೋಧಿಸಿ, ತಾನೇ ಕರ್ತೃವಾಗಿ ನಿಂತು ಬರೆಯುವ ಈ ಪತ್ರದ ಉದ್ದೇಶ, ನೆನೆಗುದಿಗೆ ಬಿದ್ದ ವಿಷಯದ ಕಡೆಗೆ ಎದುರಿನವರ ಖುದ್ದು ಗಮನ ಸೆಳೆಯುವುದು. ಸಾಮಾನ್ಯ ಪತ್ರ ಕಡತದಲ್ಲಿ ಮಲಗಿದಾಗ ಅರೆ ಸರ್ಕಾರಿ ಪತ್ರ ಅದನ್ನು ಎಬ್ಬಿಸುತ್ತದೆಂಬುದು ಕಚೇರಿಯ ಎಲ್ಲರಿಗೂ ತಿಳಿದ ಸಂಗತಿ. ಅಧಿಕಾರಿಗಳ ನಡುವೆ ಇಷ್ಟು ಸೂಕ್ಷ್ಮವಾಗಿ ಬಳಕೆಯಾಗುವ ಈ ವಿವೇಕ ಅರ್ಜಿದಾರರ ಕಡೆಗೆ ತಿರುಗಿದೊಡನೆ ಕಾಣೆಯಾಗುತ್ತದೆ.

ಹಿಂಬರಹವೆಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರ. ಪೌತಿ ಖಾತೆಗೆ, ಎಂದರೆ ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಕೊಟ್ಟವರ ಕೈಗೆ ಬರುವ ಹಿಂಬರಹದ ಮಾದರಿ ವಾಕ್ಯ ಹೀಗಿರುತ್ತದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಅರ್ಜಿಯೊಂದಿಗೆ ಅಗತ್ಯ ದಾಖಲಾತಿಗಳನ್ನು ಲಗತ್ತಿಸದೇ ಇರುವುದು ಕಂಡುಬಂದಿರುವುದರಿಂದ, ನಿಯಮಾನುಸಾರ ಪರಿಗಣಿಸಲು ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ.’ ವ್ಯಾಕರಣದ ಮಟ್ಟಿಗೆ ಈ ವಾಕ್ಯದಲ್ಲಿ ಹೇಳಿಕೊಳ್ಳುವಂಥ ತಪ್ಪಿಲ್ಲ. ‘ಸದರಿ’, ‘ಲಗತ್ತು’ ಮುಂತಾದವು ಹಳ್ಳಿಯ ಕಿವಿಗೆ ಹೊಸವೂ ಅಲ್ಲ. ಆದರೆ ಯಾವ ದಾಖಲೆ ಕಡಿಮೆಯಾಗಿದೆ, ಅರ್ಜಿ ಪೂರ್ತಿ ತಿರಸ್ಕೃತವಾಯಿತೇ ಅಥವಾ ದಾಖಲೆ ಒದಗಿಸಿದರೆ ಮುಂದುವರಿಯುತ್ತದೆಯೇ, ಇನ್ನೊಮ್ಮೆ ಬರಬೇಕಾದದ್ದು ಇದೇ ಕಚೇರಿಗೋ ನಾಡಕಚೇರಿಗೋ ಎಂಬ ಮೂರು ಮುಖ್ಯ ಸಂಗತಿಗಳಲ್ಲಿ ಒಂದೂ ಅದರಲ್ಲಿ ಇಲ್ಲ. ಕಾಗದ ಹಿಡಿದವರು ಅದರ ಅರ್ಥ ಕೇಳಲು ಮತ್ತೆ ಅದೇ ಕಿಟಕಿಗೆ ಬರಬೇಕು, ಇಲ್ಲವೇ ಕಚೇರಿಯ ಆವರಣದಲ್ಲಿ ಅರ್ಜಿ ಬರೆದುಕೊಡುವವರಿಗೆ ದುಡ್ಡು ತೆರಬೇಕು.

ಇಂಥ ವಾಕ್ಯ ಹುಟ್ಟುವುದಕ್ಕೆ ಬರೆದವರ ಅಸಾಮರ್ಥ್ಯವೇ ಕಾರಣವೆಂದು ತಿಳಿಯುವುದು ಸುಲಭದ ತೀರ್ಪಾದೀತು. ವಿಷಯ ನಿರ್ವಾಹಕರು, ಎಂದರೆ ಆ ಕಡತವನ್ನು ನೋಡಿಕೊಳ್ಳುವ ಗುಮಾಸ್ತರು, ಕರಡು ಬರೆದಾಗ ಅದನ್ನು ಮೊದಲು ಓದುವವರು ಶಿರಸ್ತೇದಾರರು, ಆಮೇಲೆ ಸಹಿ ಹಾಕುವ ತಹಶೀಲ್ದಾರರು, ಮುಂದೆಂದೋ ಒಂದು ದಿನ ಲೆಕ್ಕ ತಪಾಸಣೆಯವರು ಅಥವಾ ಮೇಲ್ಮನವಿಯ ಅಧಿಕಾರಿ; ಅರ್ಜಿದಾರರ ಸ್ಥಾನ ಈ ಸಾಲಿನ ತುದಿಯಲ್ಲಿ. ಮೊದಲಿನವರಿಗೆಲ್ಲ ಬೇಕಾದದ್ದು ನಿಯಮ ಪಾಲನೆಯಾಗಿದೆಯೆಂಬ ಭರವಸೆ, ಅದನ್ನು ‘ನಿಯಮಾನುಸಾರ’ ಎಂಬ ಒಂದು ಮಾತು ಧಾರಾಳವಾಗಿ ಕೊಡುತ್ತದೆ. ಇನ್ನೂ ಒಂದು ಸಂಗತಿಯುಂಟು: ಕಡಿಮೆಯಾದ ದಾಖಲೆಯ ಹೆಸರನ್ನು ಬರೆದುಕೊಟ್ಟರೆ, ಅರ್ಜಿದಾರರು ಅದನ್ನು ತಂದುಕೊಟ್ಟ ದಿನ ಕೆಲಸ ಮಾಡಿಕೊಡಬೇಕಾದ ಹೊಣೆ ಕಚೇರಿಯ ಮೇಲೆ ಬೀಳುತ್ತದೆ, ‘ಅಗತ್ಯ ದಾಖಲಾತಿಗಳು’ ಎಂದು ಬರೆದರೆ ಯಾವ ಹೊಣೆಯೂ ಬೀಳುವುದಿಲ್ಲ. ಆದ್ದರಿಂದ ಇಲ್ಲಿನ ಅಸ್ಪಷ್ಟತೆ ಬರೆಯುವವರಿಗೆ ಅನುಕೂಲಕರವಾದದ್ದು, ಮತ್ತು ಆ ಅನುಕೂಲಕ್ಕೆ ಔಪಚಾರಿಕ ಭಾಷೆ ಮುಸುಕಾಗಿ ಒದಗಿದೆ.

ಅದೇ ಹಿಂಬರಹವನ್ನು ಹೀಗೆಯೂ ಬರೆಯಬಹುದು: ‘ಪೌತಿ ಖಾತೆಗಾಗಿ ತಾವು ಸಲ್ಲಿಸಿದ ಅರ್ಜಿಯೊಂದಿಗೆ ವಂಶವೃಕ್ಷದ ಪ್ರಮಾಣಪತ್ರ ಇರುವುದಿಲ್ಲ. ಅದನ್ನು ಇದೇ ಕಚೇರಿಗೆ ಒಪ್ಪಿಸಿದರೆ ಅರ್ಜಿಯನ್ನು ಮುಂದುವರಿಸಲಾಗುವುದು.’ ಇಲ್ಲಿಯೂ ಆಡುಮಾತಿಲ್ಲ; ‘ತಾವು’ ಎಂಬ ಗೌರವ ಉಳಿದಿದೆ, ಕರ್ಮಣಿ ಪ್ರಯೋಗ ಕೂಡ ಉಳಿದಿದೆ. ಬದಲಾಗಿರುವುದು ವಾಕ್ಯ ಯಾರ ಕಡೆಗೆ ಮುಖ ಮಾಡಿದೆ ಎಂಬುದು. ಧಾಟಿಯ ಬಿಗಿ ಮತ್ತು ಅರ್ಥದ ಸ್ಪಷ್ಟತೆ ಬೇರೆ ಬೇರೆ ಗುಣಗಳೆಂಬುದನ್ನು, ಸರಳ ಕನ್ನಡದ ಪರವಾಗಿ ವಾದಿಸುವವರೂ ಎಷ್ಟೋ ವೇಳೆ ಮರೆಯುತ್ತಾರೆ.

ಆ ಮರೆವಿನ ಫಲ ಈಚಿನ ವರ್ಷಗಳಲ್ಲಿ ಮತ್ತೊಂದು ತುದಿಯಲ್ಲಿ ಕಾಣುತ್ತಿದೆ. ಸಾಮಾಜಿಕ ಜಾಲತಾಣಗಳಿಗಾಗಿ ಬರೆಯುವ ಇಲಾಖೆಗಳು ಸಿನಿಮಾ ಸಂಭಾಷಣೆ, ‘ಗುರು’, ‘ಮಗಾ’ ಎಂಬ ಸಂಬೋಧನೆ, ತಮಾಷೆಯ ಚಿತ್ರ ಇವುಗಳತ್ತ ವಾಲಿವೆ. ಹೆಲ್ಮೆಟ್ ಧರಿಸಿರೆಂದು ಕಾಲೇಜು ಹುಡುಗರಿಗೆ ಹೇಳಲು ಇದು ಒಗ್ಗುತ್ತದೆ, ಅದನ್ನು ಹಳಿಯಬೇಕಾಗಿಲ್ಲ; ದಂಡ, ರಸ್ತೆ ಬಂದ್, ನೆರೆಯ ಎಚ್ಚರಿಕೆಗೂ ಅದೇ ಸಲಿಗೆ ಹರಡಿದಾಗ ಮಾತ್ರ ಮಾತಿನ ತೂಕ ಇಳಿದುಹೋಗುತ್ತದೆ. ನೆರೆಯ ಎಚ್ಚರಿಕೆಯಲ್ಲಂತೂ ಎರಡು ಧಾಟಿಗಳೂ ಸೋಲುತ್ತವೆ. ಜಲಾಶಯದಿಂದ ಇಷ್ಟು ಸಾವಿರ ಕ್ಯೂಸೆಕ್, ಎಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ನೀರು ಬಿಡಲಾಗುವುದೆಂಬ ಪ್ರಕಟಣೆ ಎಂಜಿನಿಯರುಗಳಿಗೆ ಅರ್ಥಪೂರ್ಣವಾದರೂ, ನದಿಯಂಚಿನ ರೈತರು ತಿಳಿಯಬಯಸುವುದು ನೀರು ತಮ್ಮೂರಿಗೆ ಯಾವ ಹೊತ್ತಿಗೆ ಮುಟ್ಟುತ್ತದೆ, ಯಾವ ಸೇತುವೆ ಮುಳುಗುತ್ತದೆ, ಪಂಪ್‌ಸೆಟ್ಟನ್ನೂ ದನಕರುಗಳನ್ನೂ ಎಲ್ಲಿಗೆ ಸಾಗಿಸಬೇಕು ಎಂಬುದನ್ನು. ಊರಿನಲ್ಲಿ ಡಂಗುರ ಸಾರುವವರು ಇಷ್ಟನ್ನೇ, ಯಾವ ತರಬೇತಿಯೂ ಇಲ್ಲದೆ, ಎರಡು ಮಾತಿನಲ್ಲಿ ಸಾರಿ ಮುಂದಿನ ಬೀದಿಗೆ ಹೋಗುತ್ತಾರೆ.

ಗಂಭೀರ ವಿಷಯವನ್ನು ಓದುಗರ ನೆಲೆಯಲ್ಲಿ ನಿಂತು ಬರೆಯುವುದಕ್ಕೆ ಕನ್ನಡದಲ್ಲಿ ಮಾದರಿಗಳ ಕೊರತೆಯಿಲ್ಲ. ಪುತ್ತೂರಿನಿಂದ 1988ರಲ್ಲಿ ಹೊರಡಲಾರಂಭಿಸಿದ ‘ಅಡಿಕೆ ಪತ್ರಿಕೆ’ಯು ಬರೆಯುವ ಕೆಲಸವನ್ನು ಕೃಷಿಕರಿಗೇ ವಹಿಸಿದ್ದರ ಫಲವಾಗಿ, ಅಲ್ಲಿನ ಬರಹ ಸಲಿಗೆಯ ಹರಟೆಯೂ ಆಗಲಿಲ್ಲ, ಸಂಶೋಧನಾ ವರದಿಯ ಅನುವಾದವೂ ಆಗಲಿಲ್ಲ, ಓದುವವರು ನಾಳೆ ತೋಟದಲ್ಲಿ ಏನು ಮಾಡಬೇಕೆಂಬುದು ಬರೆಯುವವರಿಗೆ ಮೊದಲೇ ಗೊತ್ತಿತ್ತು.

ಕಾನೂನು ಕೂಡ ಈ ವಿಷಯದಲ್ಲಿ ಕಚೇರಿಗಿಂತ ಮುಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಪ್ರಕರಣದ 8ನೇ ಉಪಪ್ರಕರಣವು, ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿ ತಿರಸ್ಕಾರದ ಕಾರಣ, ಮೇಲ್ಮನವಿ ಸಲ್ಲಿಸಬಹುದಾದ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಈ ಮೂರನ್ನೂ ತಿಳಿಸಬೇಕೆಂದು ವಿಧಿಸುತ್ತದೆ. ಎದುರಿರುವವರು ಮುಂದೇನು ಮಾಡಬಲ್ಲರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಬರವಣಿಗೆಯ ನಿಯಮವೇ ಇದು. ಇದೇ ಕ್ರಮವನ್ನು ಪಹಣಿ, ಖಾತೆ, ಪಿಂಚಣಿ, ಪಡಿತರ ಚೀಟಿಗಳ ಹಿಂಬರಹಕ್ಕೂ ಅನ್ವಯಿಸಿ, ಕಾರಣವನ್ನೂ ಮುಂದಿನ ಹೆಜ್ಜೆಯನ್ನೂ ಮೊದಲ ಎರಡು ಸಾಲಿನಲ್ಲೇ ಬರೆಯಲು ಹೊಸ ಕಾಯ್ದೆಯಾಗಲಿ ಹೊಸ ಪದಕೋಶವಾಗಲಿ ಬೇಕಿಲ್ಲ. ಕರಡಿಗೆ ಒಪ್ಪಿಗೆ ಕೊಡುವ ಅಧಿಕಾರಿ ‘ಅಗತ್ಯ ದಾಖಲಾತಿಗಳು’ ಎಂಬ ಮಾತನ್ನು ಹೊಡೆದುಹಾಕಿ, ದಾಖಲೆಯ ಹೆಸರು ಬರೆದು ತರುವಂತೆ ಕಡತವನ್ನು ಹಿಂದಿರುಗಿಸಿದರೆ ಸಾಕು.