ಸಾಕಮ್ಮ ಎಂಬ ಹೆಸರು

ಮಕ್ಕಳ ಹೆಸರಿನ ಕೈಪಿಡಿಗಳನ್ನು ತಿರುವಿದಾಗಲೆಲ್ಲ ನನಗೊಂದು ಕೊರತೆ ಕಾಣುತ್ತದೆ. ಅನನ್ಯಾ, ಅನ್ವಿತಾರಿಗೆ ಅಲ್ಲಿ ಸಂಸ್ಕೃತದ ಅರ್ಥವುಂಟು. ನಮ್ಮ ತಿಪ್ಪಮ್ಮ, ಸಾಕಮ್ಮರಿಗೆ ಜಾಗವಿಲ್ಲ. ಕೂಸುಗಳು ಉಳಿಯದ ಮನೆಯಲ್ಲಿ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವಿನ ಕಣ್ಣು ತಪ್ಪಿಸಲು ತಿಪ್ಪಮ್ಮನೆಂದರು; ಚಿತ್ರದುರ್ಗದ ಕಡೆ ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಭಕ್ತಿಯ ಹೆಸರೂ ಹೌದು. ಅದರಲ್ಲಿ ಪ್ರೀತಿಯಿದೆ.

ಸಾಕಮ್ಮನ ಮಾತು ಬೇರೆ. ‘ಸಾಕು’ ಎಂದರೆ ಪೋಷಿಸು. ‘ಸಾಕು’ ಎಂದರೆ ಇನ್ನು ಬೇಡ. ಹೆಣ್ಣುಗಳ ಸಾಲಿನ ಕೊನೆಯವಳಿಗೆ ಅಂಟಿದ್ದು ಎರಡನೆಯ ಅರ್ಥ. ಮರಾಠಿಯ ‘ನಕುಸಾ’, ಅಂದರೆ ಬೇಡವಾದವಳು, ಇವಳ ತಂಗಿ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಅಂಥ 285 ಹುಡುಗಿಯರಿಗೆ ಹೊಸ ಹೆಸರಿಟ್ಟರು. ಒಳ್ಳೆಯದೇ. ಆದರೆ ಹಳೆಯ ಹೆಸರನ್ನೇ ಕೈಬಿಟ್ಟ ಕೈಪಿಡಿ, ಅದನ್ನಿಟ್ಟ ಮನಸ್ಸನ್ನೂ ಮುಚ್ಚಿಡುತ್ತದೆ. ಬೇಡವೆನಿಸಿಕೊಂಡೂ ಮನೆಮಂದಿಯನ್ನೆಲ್ಲ ಸಾಕಿದವಳಿಗೆ ಅಲ್ಲೊಂದು ಸಾಲು ಸಲ್ಲಬೇಕು.